ಹದಿನಾರನೆಯ ಹೂವು

ವಿಮಲಾ, ನಿನ್ನ ಗಿಡದ ಹೂ ಕಿತ್ತವಳು ನಾನು. ನಿಮ್ಮಮ್ಮ ಅಲ್ಲ.

ಕಾನ್ವೆಂಟಿನಲ್ಲಿ ಪಾದ್ರಿಯ ಮುಂದೆ ತಪ್ಪೊಪ್ಪಿಗೆಗೆ ಸಾಲು ನಿಲ್ಲುತ್ತಿದ್ದ ಗೆಳತಿಯರನ್ನು ನೋಡಿ ನಾವು ಉಳಿದವರು ಆಚೆ ನಿಂತು ನಗುತ್ತಿದ್ದೆವು. ಈಗ — ನಿಮ್ಮಮ್ಮ ತೀರಿಕೊಂಡ ಮೇಲೆ — ಆ ಸಾಲು ನೆನಪಾಗುತ್ತದೆ.

ನಂಜನಗೂಡಿನ ನಿಮ್ಮ ಮನೆಗೆ ನಾನು ಸೊಸೆಯಾಗಿ ಬಂದ ಮೇಲಿನ ಐದನೆಯ ಶ್ರಾವಣ. ನೀನು ಮೈಸೂರಿನ ಹಾಸ್ಟೆಲಿನಲ್ಲಿದ್ದು ಸಸ್ಯಶಾಸ್ತ್ರ ಓದುತ್ತಿದ್ದೆ. ದೂರದ ಬೆಟ್ಟವೊಂದರ ನೆತ್ತಿಯಲ್ಲಿ ನಿನ್ನ ಓದಿಗೆಂದು ನೀನು ಕಂಡುಕೊಂಡಿದ್ದ ಅಪರೂಪದ ಪೊದೆಗಳೆಲ್ಲ ಆ ಬೇಸಿಗೆಯ ಬೆಂಕಿಗೆ ಸುಟ್ಟುಹೋಗಿದ್ದವು. ಮೊದಲೇ ತಂದಿದ್ದ ಒಂದು ಸಸಿ ಮಾತ್ರ ನಮ್ಮ ಮಹಡಿಯ ಕುಂಡದಲ್ಲಿ ಉಳಿದಿತ್ತು. ಎಲೆಯಡಿ ಬಿಳಿಯ ನವಿರು, ತುದಿಯಲ್ಲಿ ಒಂದೇ ನೇರಳೆ ಹೂ.

"ಸೇವಂತಿಗೆ ವಂಶದ್ದು ಅತ್ತಿಗೆ. ಒಂದೇ ಹೂ ಅಂದ್ಕೊಂಡ್ರಾ? ಪುಟ್ಟಪುಟ್ಟ ಹೂಗಳ ಸಂತೆ ಇದು. ಬೀಜ ಬಲಿತ್ರೆ ಹಾರ್ಕೊಂಡು ಹೋಗ್ಬಿಡುತ್ತೆ," ಎಂದು ನೀನೇ ಅದಕ್ಕೆ ತೆಳುಬಟ್ಟೆಯ ಚೀಲ ಕಟ್ಟಿದೆ.

"ನಿನ್ನ ನೋಡೋಕ್ ಬಂದೋರ್ಗೂ ಇದ್ನೇ ತೋರ್ಸು! ಒಂದಿನ ಕಿತ್ತು ಬಿಸಾಕ್ತೀನಿ ನೋಡ್ತಿರು," ಅಂದರು ಅಮ್ಮ. ಮೂವರೂ ನಕ್ಕಿದ್ದೆವು.

ನನ್ನ ಮಂಗಳಗೌರಿ ವ್ರತದ ಕೊನೆಯ ಮಂಗಳವಾರ. ಪೂಜೆಗೆ ಹದಿನಾರು ಬಗೆಯ ಹೂ ಬೇಕು; ತಟ್ಟೆಯಲ್ಲಿದ್ದದ್ದು ಹದಿನೈದು. ಮಳೆಗೆ ಹೂವಿನವರು ಯಾರೂ ಕೂತಿರಲಿಲ್ಲ. ಒಂದು ಕಮ್ಮಿಯಾದರೆ ಗಂಡನಿಗೆ ಏನಾದರೂ... ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು ಅಂದುಕೊಂಡಿದ್ದೆ. ಮಹಡಿ ಹತ್ತಿದೆ. ಚೀಲದ ದಾರಕ್ಕೆ ನೀನು ಗಂಟಿನ ಮೇಲೆ ಗಂಟು ಹಾಕಿದ್ದೆ. ಬಿಚ್ಚಲು ಹೊತ್ತು ಹಿಡಿಯಿತು. ಬೇಡ ಎಂದು ಇಳಿದು ಬರಲು ಆ ಹೊತ್ತು ಸಾಕಿತ್ತು.

ಗೌರಿಯ ಪಾದದಲ್ಲಿ ಆ ನೇರಳೆಯನ್ನು ಅಮ್ಮ ನೋಡಿದರು. ಆರತಿ ತಟ್ಟೆ ನನ್ನ ಕೈಗಿತ್ತರು.

ಶನಿವಾರ ನೀನು ಬಂದೆ. ಖಾಲಿ ಚೀಲ ಹಿಡಿದು ಮಹಡಿಯಿಂದ ಇಳಿದೆ.

"ಅಮ್ಮಾ, ನೀನೇ ತಾನೆ?"

ಅಮ್ಮ ನನ್ನ ಕಡೆ ನೋಡಿದರು. ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ — ತೆಗೆಯುತ್ತಲೇ ಇದ್ದೆ.

"ಹ್ಞೂ ಕಣೆ, ನಾನೇ ಕಿತ್ತೆ. ಏನೀಗ?"

ಬೆಟ್ಟದ ಗಿಡ ನಮ್ಮ ಬಿಸಿಲಿಗೆ ಮತ್ತೆ ಹೂ ಬಿಡದೆ ಒಣಗಿತು. ಅದಿಲ್ಲದೆ ನೀನು ಓದನ್ನೇ ಬಿಟ್ಟೆ; ಟಿ. ನರಸೀಪುರಕ್ಕೆ ಮದುವೆಯಾಗಿ ಹೋದೆ. ಹಬ್ಬಕ್ಕೆ ಬಂದರೂ ಅಮ್ಮನ ಜೊತೆ ಮಾತಿಲ್ಲ. ಅವರು ಕೊಡುವ ಬಾಗಿನವನ್ನೂ ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದೆ. "ಆ ಮನೇಲಿ ನನ್ನೋರು ಅಂತ ಇರೋದು ನೀವೊಬ್ರೇ ಅತ್ತಿಗೆ," ಅಂದಿದ್ದೆ. ನಾನು ಅದನ್ನೂ ತೆಗೆದುಕೊಂಡೆ.

ಅಮ್ಮ ಯಾಕೆ ಹಾಗೆ ಹೇಳಿದರು? ಕೇಳಲಿಲ್ಲ. ಕೇಳಿದ್ದರೆ ಒಪ್ಪಿಕೊಳ್ಳಬೇಕಿತ್ತು. ಕೊನೆಯವರೆಗೂ ಆ ಖಾಲಿ ಕುಂಡಕ್ಕೆ ಅವರು ನೀರು ಹಾಕುತ್ತಿದ್ದರು. ಕೊನೆಗಾಲಕ್ಕೆ ನೀನು ಬಂದಾಗ ಅವರಿಗೆ ಮಾತು ನಿಂತುಹೋಗಿತ್ತು. ನೀನು ಬಾಗಿಲಲ್ಲೇ ನಿಂತಿದ್ದೆ. ಆಗಲೂ ನಾನು —

ಈಗಲೂ ಕೆಲವು ಬೆಳಿಗ್ಗೆ ಆ ಮಣ್ಣು ಒದ್ದೆಯಾಗಿರುತ್ತದೆ. ಹಾಕಿದ್ದು ನಾನೇ ಇರಬೇಕು. ನೆನಪಾಗುವುದಿಲ್ಲ.

ಬರುವ ಮಂಗಳವಾರ ಬಸ್ಸಿಗೆ ಬರುತ್ತೇನೆ. ಕ್ಷಮಿಸು ಅನ್ನಲು ಅಲ್ಲ. ಕುಂಡ ನಿನ್ನದು, ತರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೂ ಆಚೆ ನಿಂತೇ, ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ — ಕಿತ್ತಿದ್ದು ನಿಮ್ಮಮ್ಮ ಅಲ್ಲ ಕಣಮ್ಮ, ನಾನು.