ಮಲೆಬೆನ್ನೂರು ಗುಡ್ಡದಿಂದ ಕಾಣುವ ಹೊಗೆ

1961ರ ಡಿಸೆಂಬರ್ 7ರ ಗುರುವಾರ, ದಾವಣಗೆರೆಯ ನಮ್ಮ ವಾರಪತ್ರಿಕೆಯ ಮೂರನೆಯ ಪುಟದಲ್ಲಿ ನನ್ನ ಲೇಖನವೊಂದು ಅಚ್ಚಾಯಿತು. ಮಲೆಬೆನ್ನೂರಿನ ಪಕ್ಕದ ಗುಡ್ಡದ ನೆತ್ತಿಯಲ್ಲಿ ನಿಂತರೆ ದಾವಣಗೆರೆಯ ಗಿರಣಿಗಳ ಹೊಗೆ ಕಾಣುತ್ತದೆ ಎಂದು ಅದರಲ್ಲಿ ಬರೆದಿದ್ದೆ. ‘ನಾನು ಕಣ್ಣಾರೆ ಕಂಡೆ’ ಎಂಬ ಮಾತೂ ಇತ್ತು. ಆ ಗುಡ್ಡವನ್ನು ನಾನು ಅಲ್ಲಿಯವರೆಗೆ ಹತ್ತಿರಲಿಲ್ಲ.

ದಾವಣಗೆರೆ ಬಯಲು ಸೀಮೆ. ಊರಿನಲ್ಲಿ ಗಿರಣಿಯ ಚಿಮಣಿಗಿಂತ ಎತ್ತರದ್ದು ಏನೂ ಇರಲಿಲ್ಲ, ಅದನ್ನು ಹತ್ತಲು ಯಾರನ್ನೂ ಬಿಡುತ್ತಿರಲಿಲ್ಲ. ಒಂದು ದಿನದಲ್ಲಿ ಹೋಗಿ ಬರಬಹುದಾದ, ಮೇಲೆ ನಿಂತು ಸುತ್ತಲಿನ ಸೀಮೆ ನೋಡಬಹುದಾದ ಗುಡ್ಡಗಳ ಬಗ್ಗೆ ವಾರಕ್ಕೊಂದು ಲೇಖನ ಬರಲಿ ಎಂದು ಸಂಪಾದಕರು ತೀರ್ಮಾನಿಸಿದ್ದರು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ನನ್ನ ಪಾಲಿಗೆ ಅದು ಬಿತ್ತು. ಮೊದಲ ಎರಡು ಗುಡ್ಡ ಹತ್ತಿದೆ. ಎರಡನೆಯದರಲ್ಲಿ ಕಾಲು ಉಳುಕಿತು. ಮೂರನೆಯದನ್ನು ಕುರ್ಚಿಯಲ್ಲೇ ಕೂತು ಬರೆದೆ. ವಿವರ ಕೊಟ್ಟವರು ಅಚ್ಚುಮೊಳೆ ಜೋಡಿಸುವ ನಮ್ಮ ಹಿರಿಯ ಕಂಪೋಸಿಟರ್. ಅವರ ಮನೆ ಮಲೆಬೆನ್ನೂರಿನಲ್ಲಿ. ಪತ್ರಿಕೆ ಗುರುವಾರ ಹೊರಬೀಳುತ್ತಿದ್ದುದರಿಂದ ಮುದ್ರಣಾಲಯಕ್ಕೆ ಶುಕ್ರವಾರ ರಜೆ. ಅವರು ಮನೆಗೆ ಹೋದಾಗಲೆಲ್ಲ ಗುಡ್ಡಕ್ಕೂ ಹೋಗಿ ಬರುತ್ತಿದ್ದರು.

ಸಂಪಾದಕರದು ಒಂದೇ ನಿಯಮ. ನೋಡದ್ದನ್ನು ನೋಡಿದೆ ಎಂದು ಬರೆದವನು ಮರುದಿನ ಕೆಲಸಕ್ಕೆ ಬರಬೇಕಾಗಿಲ್ಲ.

ಡಿಸೆಂಬರ್ 12ರಂದು ಹರಿಹರದ ನಿವೃತ್ತ ಮೇಷ್ಟರೊಬ್ಬರ ಪತ್ರ ಬಂತು. ಅವರು ಹಿಂದಿನ ಭಾನುವಾರ ಗುಡ್ಡ ಹತ್ತಿ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಛತ್ರಿ ಬಿಚ್ಚಿಕೊಂಡು ಕೂತಿದ್ದರು. ಹೊಗೆ ಕಂಡಿರಲಿಲ್ಲ. ‘ನಿಮ್ಮ ಲೇಖಕರ ಕಣ್ಣು ದೊಡ್ಡದೋ, ಬಾಯಿ ದೊಡ್ಡದೋ, ದಯವಿಟ್ಟು ತಿಳಿಸುವುದು’ ಎಂದು ಮುಗಿಸಿದ್ದರು.

ಸಂಪಾದಕರು ಪತ್ರವನ್ನು ಎರಡು ಸಲ ಓದಿದರು.

“ಭಾನುವಾರ ಹೋಗಿ ನೋಡಿ ಬರೋಣ್ರಿ,” ಎಂದರು. “ನೀವು ದಾರಿ ತೋರಿಸ್ರಿ.”

ಭಾನುವಾರವೇ ಏಕೆಂದರೆ, ಕಾರು ಅವರ ಭಾವಮೈದುನನದು. ಹತ್ತಿ ವ್ಯಾಪಾರಿಯಾದ ಆತನಿಗೆ ಉಳಿದ ಆರು ದಿನ ಅದು ಬೇಕು. ಕಂಪೋಸಿಟರ್ ತಾವೂ ಬರುತ್ತೇನೆಂದು ಹೊರಟರು. ನನ್ನ ಸ್ಥಿತಿ ಅವರಿಗೆ ಗೊತ್ತಿತ್ತು.

17ನೆಯ ತಾರೀಖು ಬೆಳಿಗ್ಗೆ ಏಳಕ್ಕೆ ಹೊರಟೆವು. ಹರಿಹರ ದಾಟುವಷ್ಟರಲ್ಲಿ ಕಾರು ಎರಡು ಸಲ ನೀರು ಕುಡಿಯಿತು. ಸಂಪಾದಕರು ರೇಡಿಯೇಟರಿಗೆ ನೀರು ಸುರಿಯುತ್ತಿದ್ದಾಗ ಕಂಪೋಸಿಟರ್ ನನ್ನನ್ನು ಪಕ್ಕಕ್ಕೆ ಕರೆದರು.

“ಫಿಕರ್ ಮಾಡಬ್ಯಾಡ್ರಿ. ದಾರಿ ಒಡೆದಲ್ಲಿ ನಾನು ಕೆಮ್ತೀನಿ. ಒಂದು ಸಲ ಕೆಮ್ಮಿದ್ರೆ ಎಡಕ್ಕೆ, ಎರಡು ಸಲ ಕೆಮ್ಮಿದ್ರೆ ಬಲಕ್ಕೆ.”

ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿದೆವು. ನಾನು ಮುಂದೆ, ನಡುವೆ ಸಂಪಾದಕರು, ಹಿಂದೆ ಕಂಪೋಸಿಟರ್. ಮೊದಲ ಕವಲಿನಲ್ಲಿ ಒಂದು ಕೆಮ್ಮು ಬಂತು. ಎಡಕ್ಕೆ ತಿರುಗಿದೆ. ಎರಡನೆಯದರಲ್ಲಿ ಎರಡು ಕೆಮ್ಮು, ಬಲಕ್ಕೆ ತಿರುಗಿದೆ. ಹಿಂತಿರುಗಿ ನೋಡದೆ, ತುಂಬ ಪರಿಚಿತನಂತೆ ನಡೆಯುತ್ತಿದ್ದೆ. ಮೂರನೆಯ ಕವಲಿನಲ್ಲೂ ಕೆಮ್ಮು ಕೇಳಿಸಿದಾಗ ಸಂಪಾದಕರು ನಿಂತರು.

“ಏನ್ರಿ, ನೆಗಡಿ ಏನು?”

“ಧೂಳು ಸಾಹೇಬ್ರೆ, ಧೂಳು.”

“ಧೂಳೆಲ್ಲೈತೆ ಇಲ್ಲಿ? ತಗೊಳ್ರಿ, ಈ ಲವಂಗ ದವಡ್ಯಾಗ ಇಟ್ಕೊಳ್ರಿ. ಕೆಮ್ಮು ಕೂಡಲೇ ನಿಲ್ತೈತೆ.”

ನಿಂತಿತು. ಮುಂದಿನ ಕವಲಿನಲ್ಲಿ ನಾನು ಕಾದೆ. ಹಿಂದಿನಿಂದ ಲವಂಗ ಅಗಿಯುವ ಸದ್ದು ಮಾತ್ರ ಬಂತು. ಬಲಕ್ಕೆ ಹೋದೆ. ಹತ್ತು ನಿಮಿಷದ ನಂತರ ಮೂವರೂ ಜಾಲಿ ಪೊದೆಯ ನಡುವೆ ನಿಂತಿದ್ದೆವು. ಸಂಪಾದಕರ ಕೋಟಿನ ತೋಳು ಮುಳ್ಳಿಗೆ ಸಿಕ್ಕಿತ್ತು.

ಮೇಲಿನಿಂದ ನಗು ಕೇಳಿಸಿತು. ಒಣಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ಹಿಡಿದು ಬಂಡೆಯ ಮೇಲೆ ನಿಂತಿದ್ದಳು.

“ಯಾಕ್ರೀ ಯಪ್ಪಾ, ಅದು ಮ್ಯಾಕಿ ದಾರಿ! ಮ್ಯಾಕಿನೂ ಹೊಟ್ಟಿ ಹಸಿದ್ರಷ್ಟೇ ಆ ಕಡೆ ಬರ್ತಾವ. ಇತ್ತ ಬರ್ರಿ.”

ಅವಳ ಹಿಂದೆ ನೆತ್ತಿ ತಲುಪಿದೆವು. ಆಕಾಶ ತಿಳಿಯಾಗಿತ್ತು. ಕೆಳಗೆ ಮಲೆಬೆನ್ನೂರಿನ ಗದ್ದೆಗಳು, ಆಚೆ ಹರಿಹರದ ಕಡೆಗೆ ಹೊಳೆಯ ಮಿಂಚು. ಈಶಾನ್ಯಕ್ಕೆ ದಾವಣಗೆರೆ ಇರಬೇಕಾದಲ್ಲಿ ಬರೀ ಬಯಲು. ಹೊಗೆಯ ಒಂದು ಎಳೆಯೂ ಇರಲಿಲ್ಲ. ಸಂಪಾದಕರು ಅರ್ಧ ಗಂಟೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ನೋಟ್‌ಬುಕ್ ತೆಗೆದು ‘ಕಾಣಲಿಲ್ಲ’ ಎಂದು ಬರೆದು ಅಡಿಗೆರೆ ಎಳೆದರು. ಕಂಪೋಸಿಟರ್ ಲವಂಗ ಉಗಿದು, “ಖುದಾನಾಣೆ, ಕಾಣ್ತಿತ್ತು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

“ಏನು ಹುಡುಕ್ತೀರಿ?” ಎಂದಳು ಹುಲ್ಲಿನ ಹೆಂಗಸು.

“ದಾವಣಗೆರೆ ಗಿರಣಿ ಹೊಗೆ ನೋಡವ್ವ,” ಎಂದರು ಸಂಪಾದಕರು.

“ಇವತ್ತು ಐತವಾರ ಅಲ್ಲೇನ್ರಿ? ಗಿರಣಿ ರಜಾ. ನನ್ನ ಅಳಿಯ ಅಲ್ಲೇ ಕೆಲಸಕ್ಕ ಐದಾನ. ನಿನ್ನೆ ಬಂದಾಂವ ಇನ್ನೂ ಗೊರಕಿ ಹೊಡಿಯಾಕ ಹತ್ಯಾನ. ಹೊಗಿ ಯಾರು ಬಿಡ್ಬೇಕು?”

ನಾವು ಮೂವರೂ ಗಿರಣಿಯ ಕೂಗಿಗೆ ಏಳುವವರು, ಗಿರಣಿಯ ಕೂಗಿಗೆ ಊಟಕ್ಕೆ ಹೋಗುವವರು. ಭಾನುವಾರ ಕೂಗು ಇರುವುದಿಲ್ಲವೆಂಬುದು ಯಾರಿಗೂ ಹೊಳೆದಿರಲಿಲ್ಲ. ಹರಿಹರದ ಮೇಷ್ಟರು ಹತ್ತಿದ್ದೂ ಭಾನುವಾರವೇ.

ಸಂಪಾದಕರು ‘ಕಾಣಲಿಲ್ಲ’ದ ಮುಂದೆ ‘ಭಾನುವಾರ’ ಎಂದು ಸೇರಿಸಿದರು. ನನ್ನ ಕಡೆ ತಿರುಗಿದರು.

“ನೀವು ನೋಡಿದ್ದು ಯಾವ ವಾರ?”

ಶುಕ್ರವಾರ ಎನ್ನಬಹುದಿತ್ತು. ಕಂಪೋಸಿಟರ್ ನನ್ನ ಬೆನ್ನ ಹಿಂದೆ ಜೋರಾಗಿ ಕೆಮ್ಮಿದರು. ಅದು ಎಡವೋ ಬಲವೋ ತಿಳಿಯಲಿಲ್ಲ.

“ನಾನು ನೋಡಿಲ್ರಿ. ಇವರು ಹೇಳಿದ್ರು, ನಾನು ಬರೆದೆ.”

“ಗೊತ್ತೈತೆ,” ಎಂದರು ಸಂಪಾದಕರು. “ಲವಂಗ ಕೊಟ್ಟ ಮ್ಯಾಲೆ ನೀವು ಪೊದ್ಯಾಗ ಹೊಕ್ಕಾಗಲೇ ಗೊತ್ತಾತು. ಬರೋ ಶುಕ್ರವಾರ ನೀವೊಬ್ಬರೇ ಹತ್ರಿ. ಹೊಗೆ ಕಂಡ್ರೆ ಶನಿವಾರ ಆಫೀಸಿಗೆ ಬರ್ರಿ. ಕಾಣದಿದ್ರೆ ಬರಬ್ಯಾಡ್ರಿ.”

22ರ ಶುಕ್ರವಾರ ಬಸ್ಸಿನಲ್ಲಿ ಹೋಗಿ ಹತ್ತಿದೆ. ಹನ್ನೆರಡರವರೆಗೂ ಮಂಜು ಸರಿಯಲಿಲ್ಲ, ಆಮೇಲೆ ಮೋಡ ಕವಿಯಿತು. ನನ್ನ ಕಾಲೂ ನನಗೆ ಸರಿಯಾಗಿ ಕಾಣಲಿಲ್ಲ. ಶನಿವಾರ ಆಫೀಸಿನ ಬಾಗಿಲವರೆಗೆ ಹೋಗಿ, ಹೊಸಿಲ ಹೊರಗೆ ನಿಂತು ವರದಿ ಒಪ್ಪಿಸಿದೆ.

“ಕಂಡಿಲ್ಲ ಅನ್ನೋದು ಬ್ಯಾರೆ, ನೋಡಾಕ ಆಗಿಲ್ಲ ಅನ್ನೋದು ಬ್ಯಾರೆ,” ಎಂದು ಸಂಪಾದಕರು ಇನ್ನೊಂದು ಶುಕ್ರವಾರ ಕೊಟ್ಟರು. ಆ ವಾರವೆಲ್ಲ ನಾನು ಕರಡು ತಿದ್ದಿದ್ದು ಆಫೀಸಿನ ಜಗುಲಿಯಲ್ಲಿ ಮೇಜು ಹಾಕಿಕೊಂಡು ಕೂತು.

29ರಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಈಶಾನ್ಯದಲ್ಲಿ ಕಪ್ಪು ಎಳೆಗಳು ಕಂಡವು, ಎರಡು. ಹುಲ್ಲಿನ ಹೆಂಗಸನ್ನೂ ಕರೆದು ತೋರಿಸಿದೆ. “ನಮ್ಮ ಅಳಿಯಂದು ಬಲಗಡೀದು,” ಎಂದಳು.

ಜನವರಿ 4ರ ಸಂಚಿಕೆಯಲ್ಲಿ ಸ್ಪಷ್ಟನೆ ಬಂತು. ಹಿಂದಿನ ಲೇಖನ ಬರೆದಾಗ ಲೇಖಕರು ಗುಡ್ಡ ಹತ್ತಿರಲಿಲ್ಲ, ಈಗ ಹತ್ತಿದ್ದಾರೆ, ಭಾನುವಾರ ಬಿಟ್ಟು ಉಳಿದ ದಿನ, ಮಂಜಿಲ್ಲದಿದ್ದರೆ ಹೊಗೆ ಕಾಣುತ್ತದೆ, ಸ್ಥಳದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮಹಿಳೆಯೊಬ್ಬರು ಇದನ್ನು ದೃಢಪಡಿಸಿದ್ದಾರೆ. ಮೊಳೆ ಜೋಡಿಸಿದವರು ಅದೇ ಕಂಪೋಸಿಟರ್. ನನ್ನ ಮೇಜನ್ನು ಜಗುಲಿಯಿಂದ ಒಳಗೆ ತಂದಿಟ್ಟವರೂ ಅವರೇ.

ಜನವರಿ 8ರಂದು ಹರಿಹರದ ಮೇಷ್ಟರ ಎರಡನೆಯ ಪತ್ರ ಬಂತು. ಶುಕ್ರವಾರ ಹತ್ತಿದ್ದರು. ಹೊಗೆ ಕಂಡಿತಂತೆ. ಹುಲ್ಲು ಕೊಯ್ಯುವ ಹೆಂಗಸು ಕಾಣಲಿಲ್ಲವಂತೆ. ಅಂಥವಳೊಬ್ಬಳು ಇರುವುದು ನಿಜವೇ ಎಂದು ಕೇಳಿದ್ದರು.

ಸಂಪಾದಕರು ಪತ್ರದ ಮೂಲೆಯಲ್ಲಿ ‘ಪರಿಶೀಲಿಸಿ’ ಎಂದು ಬರೆದು ನನ್ನ ಮೇಜಿನ ಮೇಲಿಟ್ಟರು. 12ರ ಶುಕ್ರವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನು ಮಲೆಬೆನ್ನೂರಿಗೆ ಹೊರಟೆ.