ಲುಂಗ್ ಸನಿತ್ ಸ್ಕ್ರೀನಿನ ಪೊರೆ ಸುಲಿದದ್ದು

ಊರವರೆಲ್ಲ ಲುಂಗ್, ಅಂದರೆ ದೊಡ್ಡಪ್ಪ, ಅಂತ ಕರೆಯುವ ಸನಿತ್ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಹಕ್ಕು ಇರುವುದು ನನಗೊಬ್ಬಳಿಗೇ. ಅವರ ಕ್ಷೌರದಂಗಡಿಯ ಪಕ್ಕದಲ್ಲಿ ಕೂತು ತಾಯಿತಗಳಿಗೆ ಕಟ್ಟು ಹಾಕುತ್ತಲೇ ನನ್ನ ತಲೆ ನರೆತಿದೆ. ಥಾಯ್ಲೆಂಡಿನ ನಮ್ಮ ಈ ನಖೋನ್ ಸವಾನ್ ಊರಿನಲ್ಲಿ ಕೂದಲು ಕತ್ತರಿಸುವವರಿಗೇನು ಬರವಿಲ್ಲ. ಆದರೆ ಸುಟ್ಟ ಮಣ್ಣಿನ ಬುದ್ಧನ ತಾಯಿತ ನೋಡಿ, ಇದು ಮುತ್ತಜ್ಜನ ಕಾಲದ್ದೋ ಮೊನ್ನೆ ಅಚ್ಚೊತ್ತಿದ್ದೋ ಅಂತ ಹೇಳುವ ಕಣ್ಣು ಅವರೊಬ್ಬರದು. ಯಾರಾದರೂ ತಾಯಿತ ತಂದರೆ ಕುರ್ಚಿಯಲ್ಲಿ ಕೂತವನ ಅರ್ಧ ತಲೆ ಹಾಗೇ ಉಳಿಯುತ್ತಿತ್ತು. ಅವನೂ ಬೈಯದೆ ಕತ್ತು ಚಾಚಿ ನೋಡುತ್ತಿದ್ದ.

ಬುದ್ಧನನ್ನು ನಕಲಿ ಅನ್ನುವಂತಿಲ್ಲವಲ್ಲ. 'ಇದು ನನಗೆ ತಿಳಿಯದ ಬಗೆ' ಅಂದರೆ ಮುಗಿಯಿತು, ತಂದವರು ನಕಲಿ ಅಂತ ಅರ್ಥಮಾಡಿಕೊಂಡು ಜೇಬಿಗೆ ಹಾಕಿಕೊಳ್ಳುತ್ತಾರೆ. ಹಾಗೆ ಹೇಳಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ. ತೆಗೆದುಕೊಂಡವನ ಮುಂದೆ ಮತ್ತೆ ಯಾರೂ ತಾಯಿತ ಇಡುವುದಿಲ್ಲ.

ಹೋದ ವರ್ಷ ಮಗಳು ಅವರಿಗೆ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಳು. ಫೋನಿಗೆ ಬರುವ ಫೋಟೋಗಳನ್ನು ಇನ್ನು ಮೇಲೆ ದೊಡ್ಡದಾಗಿ ನೋಡಬಹುದು ಅಂತ ಮುದುಕರಿಗೆ ಖುಷಿಯೋ ಖುಷಿ. ಅದರಲ್ಲಿ ನೋಡಿದ ಮೊದಮೊದಲ ಫೋಟೋಗಳಲ್ಲಿ ರಂಜುವನ್ ಕಳಿಸಿದ್ದೂ ಒಂದು. ಕೆರೆಯಾಚೆ ಹಳ್ಳಿಯಲ್ಲಿ ಮೀನುಂಡೆಯ ನೂಡಲ್ಸ್ ಮಾರುವ ಹೆಂಗಸು. ಅವಳಪ್ಪ ಬೆಸ್ತ. ವಯಸ್ಸಿನಲ್ಲಿ ಒಳ್ಳೇ ದೋಣಿಯೊಂದನ್ನು ಕೊಟ್ಟು ಒಂದು ತಾಯಿತ ತಂದಿದ್ದನಂತೆ. "ದೋಣಿ ಕೊಟ್ಟು ಮಣ್ಣು ತಂದ ಮಹಾರಾಯ" ಅಂತ ಹೆಂಡತಿ ಸಾಯುವ ತನಕ ಚುಚ್ಚಿದಳು. ಅವನು ಒಂದು ಮಾತೂ ಆಡದೆ, ಅದನ್ನೇ ಕತ್ತಿಗೆ ಹಾಕಿಕೊಂಡೇ ಹೋದ ಮಳೆಗಾಲ ತೀರಿಕೊಂಡ. ರಂಜುವನ್ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಲುಂಗ್, ನಾನು ಇದನ್ನ ಯಾರಿಗೂ ಕೊಡೋದಿಲ್ಲ. ನಮ್ಮಪ್ಪ ಮೋಸ ಹೋಗಿದ್ನಾ ಇಲ್ವಾ, ಅದೊಂದು ಹೇಳ್ಬಿಡಿ."

ಲುಂಗ್ ಫೋಟೋ ಹಿಗ್ಗಿಸಿ ನೋಡಿದರು. ಬುದ್ಧನ ಮೈಮೇಲೆಲ್ಲ ಸಣ್ಣ ಮರಳು ಮಿಣುಗುತ್ತಿತ್ತು. ದಶಕಗಟ್ಟಲೆ ಎದೆಗೆ ಉಜ್ಜಿದ ಮಣ್ಣು ನುಣ್ಣಗಿರಬೇಕಲ್ಲ? "ನನಗೆ ತಿಳಿಯದ ಬಗೆ ತಾಯಿ" ಅಂದರು. ಅವಳು ಫೋನ್ ಇಟ್ಟುಬಿಟ್ಟಳು.

ಅದಾಗಿ ಕೆಲವು ದಿನಕ್ಕೆ ಇನ್ನೊಬ್ಬ ಬಂದ. ಇವರು ಫೋಟೋ ನೋಡಿ 'ತಿಳಿಯದ ಬಗೆ' ಅಂದಿದ್ದ ತಾಯಿತವನ್ನೇ, ಮನಸ್ಸು ತಡೆಯದೆ ಕೈಯಲ್ಲಿ ಹಿಡಿದು ತಂದಿದ್ದ. ಲುಂಗ್ ಅಂಗೈಯಲ್ಲಿಟ್ಟು ತಿರುಗಿಸಿದರು. ಮುಖ ಬಿಳಿಚಿಕೊಂಡಿತು. ಅದು ಹಳೆಯದು, ಅಪ್ಪಟ ಹಳೆಯದು.

"ಕಣ್ಣು ಹೋಯ್ತು ಸಮ್ಲಿ" ಅಂದರು ನನಗೆ. "ಭೂತಗನ್ನಡಿ ಒಳಗಿಟ್ಬಿಡ್ತೀನಿ."

"ಕಣ್ಣು ಹೋದವರ ಕೈಗೆ ಕತ್ತಿ ಕೊಟ್ಟು ಗಡ್ಡ ಒಡ್ತಾರಲ್ಲ ಜನ, ಅವರಿಗೇನು ಜೀವದ ಮೇಲೆ ಆಸೆ ಇಲ್ವಾ?" ಅಂತ ಗದರಿದೆ.

ಆವತ್ತಿಡೀ ಅವರು ಲ್ಯಾಪ್‌ಟಾಪ್ ಮುಂದೆಯೇ ಕೂತಿದ್ದರು. ರಂಜುವನ್ ಕಳಿಸಿದ್ದ ಫೋಟೋವನ್ನು ಎಡಕ್ಕೆ ಎಳೆದರು, ಬಲಕ್ಕೆ ಎಳೆದರು. ಇದ್ದಕ್ಕಿದ್ದಂತೆ, "ಸಮ್ಲೀ, ಬಾ ಇಲ್ಲಿ!" ಅಂತ ಕೂಗಿಕೊಂಡರು. "ನೋಡು, ಬುದ್ಧ ಸರಿದ್ರೂ ಮರಳು ಸರೀತಾ ಇಲ್ಲ! ಮರಳಿರೋದು ತಾಯಿತದ ಮೇಲಲ್ಲ ಕಣೇ, ಸ್ಕ್ರೀನ್ ಮೇಲೆ!"

ಮಗಳಿಗೆ ಫೋನ್ ಹೋಯಿತು. ಬೆಳಕು ಕಣ್ಣಿಗೆ ಹೊಡೆಯದಿರಲಿ ಅಂತ ಸ್ಕ್ರೀನಿಗೆ ಮಂಕು ಪೊರೆ ಅಂಟಿಸಿರುತ್ತಾರಂತೆ, ಆ ಪೊರೆಯದೇ ಈ ಮಿಣುಗು. ಒದ್ದೆ ಬಟ್ಟೆ ಹಾಕಿ ನೆನೆಸಿದರೆ ಕೆಲವದರಲ್ಲಿ ಸುಲಿದು ಬರುತ್ತದೆ, ಆದರೆ ಅದರಡಿಯ ಪದರವೂ ಕಿತ್ತು ಬಂದರೆ ಸ್ಕ್ರೀನ್ ಸತ್ತ ಹಾಗೆ ಅಂದಳು. "ಬೇಡಪ್ಪಾ, ಬೇರೆ ತಂದುಕೊಡ್ತೀನಿ" ಅಂತಲೂ ಅಂದಳು.

"ಅಲ್ಲೀ ತನಕ ಆ ಹುಡುಗಿ ಅವರಪ್ಪನ್ನ ದಡ್ಡ ಅಂದ್ಕೊಂಡಿರ್ಲಾ? ನಾನೇ ಸರಿಯಾಗಿ ನೋಡ್ದೆ, ತಾಯಿತ ತಗೊಂಡು ಬಾ ಅಂತ ಅವಳಲ್ಲಿ ಸುಮ್ನೆ ಆಸೆ ಹುಟ್ಟಿಸೋ ಹಾಗೂ ಇಲ್ಲ." ಅಂದರು ಲುಂಗ್.

ಮರುದಿನ ಬೆಳಿಗ್ಗೆ, ಗಿರಾಕಿಗಳ ಮುಖಕ್ಕೆ ಹಾಕುವ ಬಿಳಿ ಟವೆಲನ್ನು ನೀರಲ್ಲಿ ಅದ್ದಿ, ಹನಿ ಬೀಳದ ಹಾಗೆ ಹಿಂಡಿ, ಸ್ಕ್ರೀನ್ ಮೇಲೆ ಹಾಸಿದರು. ಅಂಚಿಗೆ ನೀರು ಇಳಿಯದಂತೆ ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದರು. ಒಣಗಿದ ಹಾಗೆಲ್ಲ ಮತ್ತೆ ಒದ್ದೆ ಮಾಡುತ್ತಿದ್ದರು. ಕ್ಷೌರಕ್ಕೆ ಬಂದವನೊಬ್ಬ, "ಏನ್ ಲುಂಗ್, ಇದಕ್ಕೂ ಗಡ್ಡ ಬಂದಿದ್ಯಾ?" ಅಂತ ನಕ್ಕ. ನಾನು ಅವನನ್ನು ಹೇಗೆ ನೋಡಿದೆನೆಂದರೆ, ಅವನು ಸರಸರ ಹೋಗಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡ.

ಊಟ ಮುಗಿದ ಮೇಲೆ ಟವೆಲ್ ತೆಗೆದು ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು. ಕೂದಲೆಳೆಯಷ್ಟು ಎದ್ದಿತು. ಮೇಲಕ್ಕೆ ಜಗ್ಗದೆ, ಸ್ಕ್ರೀನಿಗೆ ಸಮನಾಗಿ ಹಿಂದಕ್ಕೆ ಮಡಿಚಿಕೊಂಡು ಎಳೆದರು. ನಡುವೆ ಒಂದು ಕಡೆ ಕಚ್ಚಿಕೊಂಡಿತು. ಎಳೆಯುವುದನ್ನು ನಿಲ್ಲಿಸಿ ಅಲ್ಲಿಗೆ ನೀರು ಸವರಿ ಸುಮ್ಮನೆ ಕಾದರು. ನಾನಾಗಿದ್ದರೆ ಪರಪರ ಹರಿದು ಹಾಕಿರುತ್ತಿದ್ದೆ. ಕಡೆಗೂ ಇಡೀ ಪೊರೆ ಹಾವಿನ ಪೊರೆಯ ಹಾಗೆ ಕೈಗೆ ಬಂತು.

ಗೋಂದು ಒರೆಸಿ ಲ್ಯಾಪ್‌ಟಾಪ್ ಆನ್ ಮಾಡಿದರೆ, ಸ್ಕ್ರೀನ್ ತುಂಬ ನಮ್ಮದೇ ಮುಖ, ತಿರುಗುವ ಫ್ಯಾನು, ಅಂಗಡಿಯ ಕನ್ನಡಿಗಳು! ಲುಂಗ್ ಗಿರಾಕಿಗಳಿಗೆ ಹೊದಿಸುವ ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ತೂರಿಕೊಂಡರು. ಆಮೇಲೆ ಬಟ್ಟೆಯೊಳಗಿಂದ, "ಎಷ್ಟು ಸವೆದಿದ್ಯೋ ನನ್ನಪ್ಪ" ಅಂದರು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು.

ಕೂಡಲೇ ರಂಜುವನ್‌ಗೆ ಫೋನ್ ಮಾಡಿದರು. ಅವಳು ಬೆಳಿಗ್ಗೆಯೇ ತಾಯಿತವನ್ನು ಹಳ್ಳಿಯ ದೇವಸ್ಥಾನದ ಅರಳಿಮರದಡಿ ಬಿಟ್ಟು ಬಂದಿದ್ದಳು.

ಅಂಗಡಿಗೆ ಬಾಗಿಲೆಳೆದು, ನನ್ನ ಮೋಟಾರುಗಾಡಿಯಲ್ಲಿ ಇಬ್ಬರೂ ಹೊರಟೆವು. ರಂಜುವನ್ ಆಗಲೇ ಅಲ್ಲಿಗೆ ಬಂದು ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ. ಆ ಮರದ ಬುಡದಲ್ಲಿ ಜನ ಬಿಟ್ಟುಹೋದ ಬುದ್ಧರು, ಸೊಂಡಿಲು ಮುರಿದ ಆನೆಗಳು, ಒಡೆದ ತಾಯಿತಗಳು ರಾಶಿ ಬಿದ್ದಿದ್ದವು. ನಮ್ಮ ಬೀದಿಯ ಇಬ್ಬರು ವ್ಯಾಪಾರಿಗಳೂ ಅಲ್ಲೇ ಕೆದಕುತ್ತಿದ್ದರು, ದರಿದ್ರದವರು. ಲುಂಗ್ ಮಂಡಿಯೂರಿ ಒಂದೊಂದನ್ನೇ ಎತ್ತಿ ನೋಡಿದರು. ಇರುವೆ ಕಚ್ಚಿದರೂ ಏಳಲಿಲ್ಲ. ಕೊನೆಗೆ ಒಂದನ್ನು ಹೆಬ್ಬೆರಳಿನಿಂದ ಸವರಿ, ಆ ವ್ಯಾಪಾರಿಗಳಿಗೂ ಕೇಳುವ ಹಾಗೆ ಹೇಳಿದರು: "ರಂಜುವನ್, ನಾನು ತಪ್ಪು ಹೇಳಿದ್ದೆ. ಇದು ಹಳೇದು. ನಿಮ್ಮಪ್ಪ ಮೋಸ ಹೋಗಿಲ್ಲ."

ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ಇನ್ನು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಲುಂಗ್ ಅತ್ತ ತಿರುಗಿಯೂ ನೋಡದೆ, ಮಗಳ ವಯಸ್ಸಿನ ಅವಳಿಗೆ ಎರಡೂ ಕೈ ಎತ್ತಿ ಮುಗಿದರು.

"ಅಯ್ಯಯ್ಯೋ, ಬೇಡ ಲುಂಗ್! ಹಿರಿಯರು ಕೈ ಮುಗಿದ್ರೆ ನನ್ನ ಆಯಸ್ಸು ಕಮ್ಮಿಯಾಗುತ್ತೆ!" ರಂಜುವನ್ ಅವರ ಕೈ ಹಿಡಿದು ಕೆಳಗಿಳಿಸಿದಳು. ಆಮೇಲೆ ತಾಯಿತ ನೋಡುತ್ತಾ ಅಳು ತಡೆಯಲಾರದೆ, "ಅಮ್ಮ ಇದ್ದಾಗ ಗೊತ್ತಾಗ್ಬೇಕಿತ್ತು. ಈಗ ಅವಳಿಗೆ ಯಾರು ಹೇಳ್ತಾರೆ?" ಅಂದಳು.

"ಎಲ್ಲಿಟ್ಟಿದ್ದೀರಿ ಅವರನ್ನ?" ಅಂತ ಕೇಳಿದರು ಲುಂಗ್.

ದೇವಸ್ಥಾನದ ಹಿಂದಿನ ಗೋಡೆಯಲ್ಲಿ ಬೂದಿ ಇಟ್ಟ ಎರಡು ಗೂಡು, ಒಂದರ ಪಕ್ಕ ಒಂದು, ಮೇಲೆ ಗಂಡ ಹೆಂಡತಿಯ ಫೋಟೋ. ಲುಂಗ್ ಚಪ್ಪಲಿ ಬಿಟ್ಟು, ಅಂಗಿ ಸರಿಮಾಡಿಕೊಂಡು ಹೆಂಗಸಿನ ಫೋಟೋ ಎದುರು ನಿಂತರು.

"ಅಮ್ಮಾ, ನಾನು ನಖೋನ್ ಸವಾನಿನ ಸನಿತ್, ತಾಯಿತ ನೋಡೋನು. ನಿಮ್ಮ ಯಜಮಾನ್ರು ದೋಣಿ ಕೊಟ್ಟು ತಂದಿದ್ದು ಒಳ್ಳೇ ತಾಯಿತ. ಇಂಥದ್ದು ನನ್ನ ಕೈಗೂ ಅಪರೂಪಕ್ಕೆ ಬಂದಿದೆ."

ರಂಜುವನ್ ಪಕ್ಕದ ಗೂಡಿಗೆ ಹಣೆ ಒತ್ತಿ ಕೇಳಿದಳು: "ಅಪ್ಪಾ, ಕೇಳಿಸ್ತಾ? ಅಮ್ಮಂಗೆ ಹೇಳಿದ್ರು."