ಗೋಪಾಲಮ್ಮನ ಬಾವಿಗೆ ಬಿಸಿಲಿಳಿದ ದಿನ

ಮಧ್ಯಾಹ್ನದ ಮುದ್ದೆಯನ್ನು ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಗೋಪಾಲಮ್ಮ ಹಿತ್ತಲಿಗೆ ಹೋಗುತ್ತಿದ್ದರು. ಸೇದುವ ಬಾವಿಯ ಮೇಲಿನ ಕಬ್ಬಿಣದ ಜಾಲರಿಯನ್ನು ಸರಿಸಿ, ಕಟ್ಟೆಗೆ ಒರಗಿ, ಬಿಸಿಲು ಒಳಗೋಡೆಯ ಎಷ್ಟನೇ ಕಲ್ಲಿನವರೆಗೆ ಇಳಿದಿದೆ ಎಂದು ಎಣಿಸುತ್ತಿದ್ದರು. ಎಣಿಸಿ, ಕೈಮುಗಿದು ಬಂದ ಮೇಲೆಯೇ ಊಟ. ಮೋಡ ಮುಚ್ಚಿದ ದಿನ ಹಿಂದಿನ ದಿನದ ಲೆಕ್ಕಕ್ಕೇ ಕೈಮುಗಿಯುತ್ತಿದ್ದರು.

ಮದುವೆಯಾಗಿ ಯಲಹಂಕದ ಪುಟ್ಟೇನಹಳ್ಳಿಗೆ ಬಂದ ವರ್ಷ ಅತ್ತೆ ವಹಿಸಿಕೊಟ್ಟ ಕೆಲಸ ಅದು. ನಲವತ್ತೆಂಟು ವರ್ಷಗಳಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಹೆರಿಗೆಯ ದಿನ ಎದ್ದು ಹೋಗಲಾಗದೆ ಗಂಡ ಲಕ್ಕಣ್ಣನನ್ನು ಎಣಿಸಿಕೊಂಡು ಬರಲು ಕಳಿಸಿದ್ದರು. ಆತ ಅವಸರದಲ್ಲಿ ಎರಡು ಕಲ್ಲು ಹೆಚ್ಚು ಎಣಿಸಿ ಬಂದದ್ದನ್ನು, ಆತ ತೀರಿಕೊಂಡು ಆರು ವರ್ಷವಾದರೂ, ಗೋಪಾಲಮ್ಮ ಪೂರ್ತಿ ಕ್ಷಮಿಸಿರಲಿಲ್ಲ.

ಬಾವಿ ಐದಡಿ ಅಗಲ. ಧನುರ್ಮಾಸದಲ್ಲಿ ಬಿಸಿಲು ಒಂಬತ್ತನೇ ಕಲ್ಲಿಗೆ ಸುಸ್ತಾಗಿ ನಿಂತುಬಿಡುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತ, ಯುಗಾದಿಯ ಆಸುಪಾಸಿನಲ್ಲಿ ನೀರು ಮುಟ್ಟಿ, ಒಂದು ದಿನ ಗೋಡೆಯನ್ನು ಎಲ್ಲೂ ಸೋಕದೆ ನೆಟ್ಟಗೆ ನೀರಿಗೇ ಬೀಳುತ್ತಿತ್ತು. ವರ್ಷಕ್ಕೆ ಎರಡೇ ಸಲ ಹೀಗೆ: ಬೇಸಿಗೆಯಲ್ಲೊಮ್ಮೆ, ಶ್ರಾವಣದ ಹೊತ್ತಿಗೊಮ್ಮೆ. ಅಂದು ಸೂರ್ಯದೇವರು ಸ್ನಾನಕ್ಕೆ ಇಳಿಯುತ್ತಾನೆ ಎಂದು ಅತ್ತೆ ಹೇಳಿದ್ದರು. ಗೋಪಾಲಮ್ಮ ಅಂದು ಒಂದು ಹಿಡಿ ತುಂಬೆ ಹೂವು ಹಾಕುತ್ತಿದ್ದರು.

ಅವರಿಗೆ ಓದು ಬರುತ್ತಿರಲಿಲ್ಲ. ಕಲ್ಲುಗಳೇ ಅವರ ಕ್ಯಾಲೆಂಡರು. ಮಗ ಬಾಲರಾಜು ಯಾವಾಗ ಹುಟ್ಟಿದ್ದು ಎಂದು ಸೊಸೆ ಕಲಾವತಿ ಕೇಳಿದರೆ, "ಇಳಿಯೋ ಇಪ್ಪತ್ತೊಂದಕ್ಕೆ" ಎನ್ನುತ್ತಿದ್ದರು. ಬಿಸಿಲು ಇಳಿಯುವಾಗೊಂದು ಇಪ್ಪತ್ತೊಂದು, ಏರುವಾಗೊಂದು ಇಪ್ಪತ್ತೊಂದು ಇದೆಯಲ್ಲ, ಗೊಂದಲವಾಗಬಾರದು.

2019ರ ಏಪ್ರಿಲ್‌ನಲ್ಲಿ ಇಪ್ಪತ್ತೆರಡನೇ ತಾರೀಖು ಬಾಲರಾಜು ಬಾವಿ ಮುಚ್ಚುವ ಮಾತು ತೆಗೆದ. ಹೊಲವಿದ್ದ ಜಾಗದಲ್ಲಿ ಮೂರಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟವನು ಅವನು.

"ಅಮ್ಮ, ಆರು ಕಾರು ರೋಡಲ್ಲಿ ನಿಂತವೆ. ದಿನಾ ಬೆಳಿಗ್ಗೆ ಯಾರ್ದು ಯಾರ್ಗೆ ಅಡ್ಡ ಅಂತ ಪಂಚಾಯ್ತಿ. ಬಾವಿ ಮುಚ್ಚಿದ್ರೆ ಮೂರ್ ಕಾರು ಒಳಗ್ ಬರ್ತವೆ."

"ಸೂರ್ಯದೇವ್ರು ಸ್ನಾನಕ್ಕೆ ಎಲ್ಲಿಗೋಗ್ಬೇಕು?"

"ಅವ್ರಿಗೊಂದು ಕಾವೇರಿ ಕನೆಕ್ಷನ್ ಕೊಡ್ಸ್ತೀನಿ ಬಿಡು." ನಗು ತಡೆದುಕೊಂಡು ಸೇರಿಸಿದ: "ಸುಮ್ನೆ ಮುಚ್ಚಲ್ಲಮ್ಮ. ಪೂಜೆ ಮಾಡ್ಸಿ, ಬಾವಿ ಉಸಿರಾಡೋಕೆ ಒಂದು ಪೈಪ್ ಇಡ್ತೀನಿ."

"ನಿನ್ ಮೂಗಿಗೆ ಪೈಪ್ ಇಟ್ಟು ಮಣ್ಣು ಸುರಿತೀನಿ, ಉಸಿರಾಡು ನೋಡಾನ" ಎಂದರು ಗೋಪಾಲಮ್ಮ.

ಈ ಮಾತು ಮೊದಲನೇ ಮಹಡಿಯ ಬಾಡಿಗೆದಾರ ಜಿಯಾವುಲ್ಲಾ ಮೇಷ್ಟ್ರ ಕಿವಿಗೆ ಬಿತ್ತು. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾಗಿ, ಆರ್.ಟಿ. ನಗರದ ಗದ್ದಲ ಸಾಕೆಂದು ಇಲ್ಲಿಗೆ ಬಂದವರು. ಪೇಪರು ಹಿಡಿದುಕೊಂಡೇ ಇಳಿದು ಬಂದರು.

"ಬಾಲರಾಜು ಅವ್ರೇ, ಅಮ್ಮ ಹೇಳೋದ್ರಲ್ಲಿ ಸೈನ್ಸ್ ಇದೆ. ಇಪ್ಪತ್ನಾಲ್ಕನೇ ತಾರೀಖು ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ. ಹನ್ನೆರಡು ಹದಿನೇಳಕ್ಕೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಕಂಬಕ್ಕೂ ನೆರಳಿರಲ್ಲ, ನಿಮಗೂ ಇರಲ್ಲ. ದೆಲ್ಲಿಯೋರಿಗೆ ಇದು ಇಡೀ ಜನ್ಮದಲ್ಲಿ ಸಿಗಲ್ಲ. ಸೂರ್ಯ ಅಷ್ಟು ಉತ್ತರಕ್ಕೆ, ಬಡಗಲಿಗೆ ಹೋಗೋದೇ ಇಲ್ಲ."

ಬಾಲರಾಜು ಕಾಂಟ್ರ್ಯಾಕ್ಟರು, ಅಳತೆ ಎಂದರೆ ಅವನಿಗೂ ಇಷ್ಟ. "ಸರಿ ಮೇಷ್ಟ್ರೆ. ಇಪ್ಪತ್ನಾಲ್ಕಕ್ಕೆ ಗೋಡೆ ಮೇಲೆ ಒಂಚೂರೂ ಬಿಸಿಲಿಲ್ದೆ ಎಲ್ಲಾ ನೀರಿಗೇ ಬಿದ್ರೆ ನಾನು ಬಾವಿ ತಂಟೆಗೆ ಬರಲ್ಲ. ಗೋಡೆ ಮೇಲೆ ಕಂಡ್ರೆ ಮಾರನೇ ದಿನ ಮಣ್ಣು."

"ಇಪ್ಪತ್ನಾಕಕ್ಕೆ ಬೀಳಲ್ಲ" ಎಂದರು ಗೋಪಾಲಮ್ಮ. "ಬಡಗಲ ಗೋಡೆ ಮ್ಯಾಲೆ ಇನ್ನೂ ಮೂರು ಅಂಗೈ ಬಿಸಿಲು ಐತೆ. ದಿನಕ್ಕೆ ನಾಕು ಬೆರಳು ಸರಿತದೆ. ನಿಮ್ ತಾರೀಖಿಂದ ಒಂದಿನ ತಡ ಆಯ್ತದೆ."

"ಪೇಪರಲ್ಲೇ ಬಂದಿದೆ ಅಮ್ಮಾ" ಎಂದರು ಮೇಷ್ಟ್ರು ಮೃದುವಾಗಿ.

"ಪೇಪರ್‌ನೋರು ನಮ್ ಬಾವಿ ನೋಡವ್ರಾ?"

ಈ ಪ್ರಶ್ನೆಗೆ ಯಾರೂ ಬೆಲೆ ಕೊಡಲಿಲ್ಲ.

ಇಪ್ಪತ್ನಾಲ್ಕರಂದು ಇಡೀ ಕಟ್ಟಡವೇ ಹಿತ್ತಲಿಗೆ ಇಳಿಯಿತು. ಮೇಷ್ಟ್ರು ಅಲ್ಲೇ ನೆಲದ ಮೇಲೆ ನೀರಿನ ಬಾಟಲಿ ನಿಲ್ಲಿಸಿದ್ದರು. ಹನ್ನೆರಡು ಹದಿನೇಳಕ್ಕೆ ಅದರ ನೆರಳು ಬುಡದೊಳಗೆ ಅಡಗಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಒಟ್ಟಿಗೆ ಬಾವಿಗೆ ಮುತ್ತಿ, ಮೊಬೈಲು ಚಾಚಿಕೊಂಡು ಬಗ್ಗಿದರು.

ಬಾವಿಯಲ್ಲಿ ಬಿಸಿಲು ಇರಲಿಲ್ಲ. ಹದಿನಾರು ತಲೆಗಳಿದ್ದವು. ಸೂರ್ಯ ನೆತ್ತಿಯ ಮೇಲೆ, ಜನರ ನೆತ್ತಿ ಬಾವಿಯ ಮೇಲೆ. ಊರಲ್ಲೆಲ್ಲ ನೆರಳಿಲ್ಲದ ಹೊತ್ತಿನಲ್ಲಿ ಗೋಪಾಲಮ್ಮನ ಬಾವಿ ಮಾತ್ರ ನೆರಳಿನಿಂದ ತುಂಬಿ ತುಳುಕಿತು.

"ರೀ, ನಿಮ್ ತಲೆ ಸ್ವಲ್ಪ ತೆಗೀರಿ" ಎಂದಳು ಕಲಾವತಿ ಗಂಡನಿಗೆ. "ಅರ್ಧ ಬಾವಿ ಅದೊಂದೇ ಇದೆ."

ಎಲ್ಲರನ್ನೂ ಹಿಂದೆ ಸರಿಸಿದ ಮೇಲೆ ನೀರು ಹೊಳೆಯಿತು. ಆದರೆ ಬಡಗಣ ಗೋಡೆಯಲ್ಲಿ, ನೀರಿಗೆ ಅಂಟಿಕೊಂಡಂತೆ, ಬಿಸಿಲಿನ ಒಂದು ತೆಳ್ಳನೆ ಪಟ್ಟಿ ಉಳಿದಿತ್ತು.

"ನಾಕು ಬೆರಳು" ಎಂದರು ಗೋಪಾಲಮ್ಮ.

"ನಾಲ್ಕೇ ಆಗ್ಲಿ, ಅರ್ಧ ಬೆರಳೇ ಆಗ್ಲಿ, ಮಾತು ಅಂದ್ರೆ ಮಾತು" ಎಂದು ಬಾಲರಾಜು ಟಿಪ್ಪರ್ ಡ್ರೈವರ್ ಸರ್ದಾರ್‌ಗೆ ಫೋನು ಮಾಡಿದ. "ಗುರು, ನಾಳೆ ಹನ್ನೊಂದೂವರೆಗೆ ಒಂದು ಲೋಡ್ ಮಣ್ಣು."

ಗೋಪಾಲಮ್ಮ ಒಳಗೆ ಹೋಗಿ ಕೂತರು. ಮುದ್ದೆ ಆರಿಹೋಗಿತ್ತು, ಮುಟ್ಟಲು ಮನಸ್ಸಾಗಲಿಲ್ಲ. ಅತ್ತೆ ಕೈಗೆ ಕೊಟ್ಟದ್ದು ಒಂದೇ ಒಂದು ಕೆಲಸ. ನಾಳೆಯಿಂದ ಊಟಕ್ಕೆ ಮೊದಲು ಎಲ್ಲಿಗೆ ಹೋಗಬೇಕು, ಏನನ್ನು ಎಣಿಸಬೇಕು ಎಂದು ಅವರಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ತಲೆ ತಗ್ಗಿಸಿಕೊಂಡು ಬಂದರು. "ಒಂದಿನ ತಡ ಅಂತ ನೀವು ಯಾಕೆ ಅಂದ್ರಿ, ನಂಗದು ಬಿಡಿಸ್ಕೋಬೇಕು" ಎಂದು ಸುತ್ತಲೂ ನೋಡಿ, "ಅಮ್ಮಾ, ಈ ಮುದ್ದೆ ಸ್ವಲ್ಪ ಕೊಡಿ" ಎಂದರು.

ಮುದ್ದೆಯೇ ಭೂಮಿಯಾಯಿತು. ಎರಡು ಲವಂಗ ತರಿಸಿ, ಒಂದನ್ನು ಮುದ್ದೆಗೆ ನೆಟ್ಟಗೆ ಚುಚ್ಚಿದರು. ಮೊಬೈಲ್ ಟಾರ್ಚನ್ನು ಅದರ ತಲೆಯ ಮೇಲೇ ಹಿಡಿದರು. ಲವಂಗದ ನೆರಳು ಮಾಯವಾಯಿತು. "ಇದು ಬೆಂಗಳೂರು ಪೇಟೆ." ಇನ್ನೊಂದನ್ನು ಅದರ ಪಕ್ಕಕ್ಕೆ ಚುಚ್ಚಿದರು. "ಇದು ನಾವು, ಪೇಟೆಗಿಂತ ಬಡಗಲಿಗೆ." ಎರಡನೆಯದರ ಬುಡದಲ್ಲಿ ಕೂದಲೆಳೆಯಷ್ಟು ನೆರಳಿತ್ತು. ಮೇಷ್ಟ್ರು ಟಾರ್ಚನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ನೆರಳು ಹೋಯಿತು.

"ಯಾ ಅಲ್ಲಾ!" ಎಂದು ಹಣೆ ಬಡಿದುಕೊಂಡರು. "ಸೂರ್ಯ ದಿನಾ ಬಡಗಲಿಗೆ ಸರಿತಾನೆ. ಇವತ್ತು ಪೇಟೆ ನೆತ್ತಿ, ನಾಳೆ ನಮ್ಮ ನೆತ್ತಿ. ಬಾಟ್ಲಿಗೆ ಈ ವ್ಯತ್ಯಾಸ ಗೊತ್ತಾಗಲ್ಲ. ನಿಮ್ಮ ಬಾವಿ ನಲವತ್ತಡಿ ಆಳ, ಅದಕ್ಕೆ ಗೊತ್ತಾಗುತ್ತೆ. ಮೂವತ್ತು ವರ್ಷ ಪಾಠ ಮಾಡಿದೀನಿ, ಇದು ಹೊಳೀಲಿಲ್ಲವಲ್ಲ!"

"ಹೊಳೆಯಾಕೆ ಎಣಿಸ್ಬೇಕು ಮೇಷ್ಟ್ರೆ" ಎಂದ ಗೋಪಾಲಮ್ಮ, ಲವಂಗ ಕಿತ್ತು ಆರಿದ ಮುದ್ದೆಯನ್ನು ತಿಂದರು.

ಮಾರನೇ ದಿನ ಟಿಪ್ಪರು ಬಂದು ಹಿತ್ತಲಿಗೆ ಬೆನ್ನು ತಿರುಗಿಸಿ ನಿಂತಿತು. ಮುದ್ದೆಯ ಕತೆ ಬಾಲರಾಜುವಿಗೆ ಹಿಡಿಸಲಿಲ್ಲ. "ಊರಿಗೆಲ್ಲ ಒಂದಿನ, ನಮ್ ಬಾವಿಗೆ ಸ್ಪೆಷಲ್ ಡೇನಾ? ಹನ್ನೆರಡು ಇಪ್ಪತ್ತರ ತನಕ ಕಾಯ್ತೀನಿ, ಮೇಷ್ಟ್ರ ಮುಖ ನೋಡಿ. ಆಮೇಲೆ ಸರ್ದಾರ್ ಲಿವರ್ ಎತ್ತೋದೇ."

ಮೇಷ್ಟ್ರು ಬಾವಿಯ ಸುತ್ತ ಸೀಮೆಸುಣ್ಣದ ಗೆರೆ ಎಳೆದರು. ಒಂದು ಸಲಕ್ಕೆ ಒಂದೇ ತಲೆ. ಮೊದಲು ಗೋಪಾಲಮ್ಮ. ಹನ್ನೆರಡು ಹದಿನೇಳಕ್ಕೆ ಅವರು ಪಕ್ಕದಿಂದ ಇಣುಕಿದರು. ಕಲ್ಲು ಕಲ್ಲೂ ಕಪ್ಪಗಿತ್ತು, ಎಣಿಸಲು ಒಂದೂ ಸಿಗಲಿಲ್ಲ. ಬಿಸಿಲು ಅಷ್ಟೂ ನೀರಿನೊಳಗಿತ್ತು. ಅವರು ತುಂಬೆ ಹೂವು ಬಿಟ್ಟು, ಕೈಮುಗಿದು, ಮಗನಿಗೆ ಜಾಗ ಬಿಟ್ಟರು.

ಬಾಲರಾಜು ಬಡಗಣ ಗೋಡೆ ನೋಡಿದ. ಬಿಸಿಲಿಲ್ಲ. ಮೂಡಣ, ಪಡುವಣ, ಇಲ್ಲ. ಹುಡುಕುತ್ತ ತೆಂಕಣ ಗೋಡೆಯ ಬುಡಕ್ಕೆ ಬಂದವನು ಅಲ್ಲೇ ನಿಂತ. ನಿನ್ನೆಯವರೆಗೆ ಕತ್ತಲಿದ್ದ ಆ ಮೂಲೆಗೂ ಇಂದು ಬಿಸಿಲು ಇಳಿದಿತ್ತು. ಬೇಸಿಗೆಯ ತಿಳಿನೀರಿನ ತಳದಲ್ಲಿ, ಕೆಸರಿನಿಂದ ಅರ್ಧ ಹೊರಗೆ ಒಂದು ಹಿತ್ತಾಳೆ ಚೊಂಬು ಮಿನುಗುತ್ತಿತ್ತು.

"ಅಮ್ಮ... ಅದು ನಮ್ ಅಜ್ಜಿ ಚೊಂಬಲ್ವಾ?"

"ಊಂ. ನೀನು ಏಳು ವರ್ಸದೋನಿದ್ದಾಗ ಕಾಗೆ ಕಚ್ಕೊಂಡು ಓಯ್ತು ಅಂದ್ಯಲ್ಲ, ಅದೇ. ಪಾಪ, ಅಷ್ಟು ದಪ್ಪ ಚೊಂಬು. ಕಾಗೆಗೆ ಕೊಕ್ಕು ನೋಯ್ತೇನೋ, ಇಲ್ಲೇ ಬಿಟ್ಟೈತೆ."

ಕಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿಂಗೆ ಯಾವಾಗಿಂದ ಗೊತ್ತು?"

"ಮೂವತ್ತೈದು ವರ್ಸದಿಂದ. ಪ್ರತಿ ಬ್ಯಾಸಿಗೇಲೂ ಕಾಣ್ತದೆ. ನೀನೇ ಒಂದಿನ ಬಂದು ಯೋಳ್ತೀಯ ಅಂತ ಸುಮ್ನಿದ್ದೆ."

ಅಷ್ಟರಲ್ಲಿ ಸರ್ದಾರ್ ಟಿಪ್ಪರಿನಿಂದ ಇಳಿದು ಬಂದಿದ್ದ. ಮೇಷ್ಟ್ರ ಅನುಮತಿ ಪಡೆದು ತಾನೂ ತಲೆ ಚಾಚಿ ಇಣುಕಿದ. ಟೋಪಿ ಸರಿಪಡಿಸಿಕೊಂಡು, "ಬಾಲರಾಜಣ್ಣ, ಬೇರೆ ಡ್ರೈವರ್‌ನ ನೋಡ್ಕೊ. ಇಷ್ಟು ಬೆಳಕಿನ ಮೇಲೆ ನಾನಂತೂ ಮಣ್ಣು ಸುರಿಯಲ್ಲ" ಎಂದ.

"ಸುರಿ ಅಂದೋರ್ ಯಾರೋ?" ಎಂದು ಬಾಲರಾಜು ಅವನ ಮೇಲೇ ರೇಗಿದ. "ಆ ಮಣ್ಣು ತಗೊಂಡೋಗಿ ಸಹಕಾರನಗರದ ಸೈಟಿಗೆ ಹಾಕು."

ಟಿಪ್ಪರು ಹೋಯಿತು. ಜನ ಚದುರಿದರು. ಬಾಲರಾಜು ತಪ್ಪಿತಸ್ಥನಂತೆ ಬಾವಿಯ ಸುತ್ತ ಎರಡು ಸುತ್ತು ಹಾಕಿದ. ಏನಾದರೂ ಕಟ್ಟಿಸಿಕೊಡದೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

"ಅಮ್ಮ, ಈ ವಯಸ್ಸಲ್ಲಿ ಉರಿಬಿಸಿಲಲ್ಲಿ ದಿನಾ ನಿಲ್ತೀಯ. ಬಾವಿ ಮೇಲೊಂದು ಒಳ್ಳೆ ಶೀಟ್ ಹಾಕಿಸ್ಕೊಡ್ತೀನಿ. ತಣ್ಣಗೆ ನಿಂತ್ಕೊಂಡು ಎಣಿಸ್ಕೋ."

ಗೋಪಾಲಮ್ಮ ಜಾಲರಿ ಎಳೆದು ಮುಚ್ಚಿದರು. ಮಗನ ಮುಖವನ್ನೂ ಮೇಲಿನ ಆಕಾಶವನ್ನೂ ಒಮ್ಮೆ ನೋಡಿದರು.

"ಬ್ಯಾಡ ಕಣಪ್ಪ" ಎಂದರು. "ಶೀಟ್ ಹಾಕುದ್ರೆ ಏನ್ ಎಣಿಸ್ಲಿ?"

ಬಾಲರಾಜು ಶೀಟಿನ ಅಳತೆಗೆಂದು ಚಾಚಿದ್ದ ಟೇಪನ್ನು ಮೆಲ್ಲಗೆ ಅದರ ಡಬ್ಬಿಯೊಳಗೆ ಸುತ್ತಿಕೊಳ್ಳಲು ಬಿಟ್ಟ. ಗೋಪಾಲಮ್ಮ ಮುದ್ದೆ ಆರುವ ಮೊದಲೇ ಒಳಗೆ ಹೋದರು.